ಗಾಳಿಗೆ ಓರೆಯಾಗಿ

ಕರೂರಿನವನಾದ ನನಗೆ ದೋಣಿ ಅಂದರೆ ತುಂಗಭದ್ರೆಯ ಹರಿಗೋಲು. ನಿನ್ನೆ ಸಂಜೆ ಕೆಆರ್‌ಎಸ್ ಹಿನ್ನೀರಿನಲ್ಲಿ ಗೆಳೆಯರ ಪಂದ್ಯಕ್ಕೆ ಮೊದಲ ಸಲ ಹಾಯಿದೋಣಿ ಹತ್ತಿದೆ. 4.2 ಮೀಟರ್ ಉದ್ದ, ಇಬ್ಬರೇ ಆಳು. ಚುಕ್ಕಾಣಿ, ದೊಡ್ಡ ಹಾಯಿ ಗೆಳೆಯನ ಕೈಯಲ್ಲಿ. ಮುಂದಿನ ಚಿಕ್ಕ ಹಾಯಿಯ ಹಗ್ಗ ನನ್ನ ಕೈಯಲ್ಲಿ.

ಗಾಳಿಗೆ ನೇರ ಎದುರಾಗಿ ಹಾಯಿ ನಡೆಯದು. ಸುಮಾರು 45 ಡಿಗ್ರಿ ಓರೆಯಾಗಿ, ಅಂಕುಡೊಂಕಾಗಿಯೇ ಮುಂದೆ ಹೋಗಬೇಕು. ಪ್ರತಿ ತಿರುವಿಗೂ ಹಾಯಿಯ ಅಡ್ಡಗೋಲಿನಡಿ ಬಗ್ಗಿ ಆಚೆ ಬದಿಗೆ ದಾಟಿ, ಹಗ್ಗ ಬಿಗಿದು, ದೋಣಿ ವಾಲದಂತೆ ಮೈಯನ್ನು ಹೊರಗೆ ಚಾಚಬೇಕು.

ನಮ್ಮೂರ ಕಡೆ ಅಂಬಿಗ, "ಅಲುಗಾಡಬ್ಯಾಡ್ರಿ, ಸುಮ್ನ ಕುಂದರ್ರಿ" ಅಂತಿದ್ದ. ಇಲ್ಲಿ ಗೆಳೆಯ, "ಆಚೆ ಸರಿ, ಬೇಗ!" ಅಂದ. ಅಲ್ಲಿ ಕದಲದೆ, ಇಲ್ಲಿ ಕದಲುತ್ತಾ, ಎರಡೂ ಕಡೆ ನನ್ನ ಮೈಭಾರವೇ ದೋಣಿಯನ್ನು ಕಾಯಿತು. ಅಂಗೈ ಇನ್ನೂ ಉರಿಯುತ್ತಿದೆ, ಮನಸ್ಸು ತುಂಬಿದೆ.