ಮೆಣಸಿನಕಾಯಿ ಲಾಟೂ, ಸಿ ಪ್ರೋಗ್ರಾಮೂ

ನಮ್ಮ ಹಾವೇರಿ ಜಿಲ್ಲೆಯಲ್ಲಿ ಕಂಪ್ಯೂಟರ್ ಸೈನ್ಸ್ ಓದೋಕೆ ಕಾಲೇಜಿಗೇನೂ ಬರವಿಲ್ಲ. ರಾಣೆಬೆನ್ನೂರಿನ ತರಳಬಾಳು ಜಗದ್ಗುರು ಕಾಲೇಜು ೧೯೮೦ರಿಂದ ಇದೆ. ಹಾವೇರಿ ಪಕ್ಕದ ದೇವಗಿರಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ೨೦೦೭ರಲ್ಲಿ ಶುರುವಾಯ್ತು. ೨೦೨೩ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಸ್ಸಿನ ಖರ್ಚೂ ಇಲ್ಲ. ಇನ್ನು ಕಲಿಯೋ ಸಾಮಗ್ರಿ ಅಂತೀರಾ, ಮೊಬೈಲಿನಲ್ಲಿ ಹುಡುಕಿದರೆ ಜನ್ಮಕ್ಕಾಗುವಷ್ಟಿದೆ. ಆದ್ರೂ ಹೋದ ತಿಂಗಳು ಬ್ಯಾಡಗಿಗೆ ಹೋದಾಗ ಕಾಕಾ ಕೇಳಿದ ಪ್ರಶ್ನೆಗೆ ನನ್ನ ಹತ್ರ ತಕ್ಷಣ ಉತ್ತರ ಇರಲಿಲ್ಲ.

"ತಮ್ಮಾ, ಇಕೀನ್ನ ಇಂಜಿನಿಯರಿಂಗ್ ಬಿಡಿಸಿ ಬಿ.ಕಾಂ.ಗೆ ಹಚ್ಚೂಣೇನು? ನೀ ಅದರಾಗ ಇದ್ದಾಂವ, ನೀನ ಹೇಳು."

ಕಾಕಾನ ಮಗಳು ಜಿಲ್ಲೆಯ ಕಾಲೇಜೊಂದರಲ್ಲಿ ಮೊದಲ ವರ್ಷ. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮಾಧ್ಯಮ, ಒಳ್ಳೆ ಮಾರ್ಕ್ಸು. ಈಗ ಮೊದಲ ಸೆಮಿಸ್ಟರಿನಲ್ಲೇ ಸಿ ಫೇಲು. ಲ್ಯಾಬ್ ಪ್ರೋಗ್ರಾಮ್ ಎಲ್ಲಾ ಬಾಯಿಪಾಠ ಮಾಡಿದ್ದಳು, ಒಂದೂ ಸೆಮಿಕೋಲನ್ ತಪ್ಪಿಲ್ಲ! ಒಂದನ್ನು ತೋರಿಸಿ "ಇದು ಏನ್ ಮಾಡತೈತಿ?" ಅಂದೆ. "ಔಟ್‌ಪುಟ್ ಕೊಡತೈತಿ ಅಣ್ಣಾ" ಅಂದಳು. ನಗು ಬಂತು, ಹೊಟ್ಟೆ ಚುರುಕ್ ಅಂತಲೂ ಅಂತು.

ಕಾಕಾ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೀತಾರೆ. ಅಲ್ಲಿಂದಲೇ ಶುರು ಮಾಡಿದೆ. ಅಂಗಡಿ ಮುಂದೆ ಸಾಲಾಗಿ ಲಾಟ್ ಇಟ್ಟಿರ್ತಾರೆ, ಪ್ರತಿಯೊಂದಕ್ಕೂ ನಂಬರ್. ಅದೇ ಅರೇ. ಒಂದು ಲಾಟಿಗೆ ಹತ್ತು ವ್ಯಾಪಾರಿಗಳು ಇ-ಟೆಂಡರಿನಲ್ಲಿ ದರ ಹಾಕ್ತಾರೆ, ಹೆಚ್ಚಿನ ದರ ಯಾವುದು? "ಮೊದಲನೇ ದರ ಕೈಯಾಗ ಹಿಡ್ಕೊ. ಮುಂದಿಂದು ಅದಕ್ಕಿಂತ ಹೆಚ್ಚಿದ್ರ ಹಳೇದು ಬಿಟ್ಟು ಹೊಸದು ಹಿಡಿ. ಕೊನೀತನಕ ಹಿಂಗ ಹೋಗು." ಹತ್ತು ನಿಮಿಷ ಸುಮ್ಮನಿದ್ದು ತಾನೇ ಬರೆದಳು, ಫಾರ್ ಲೂಪೂ ಇಫ್ಫೂ ಸರಿಯಾಗಿ. ಆದ್ರೆ ಎಣಿಕೆ ಸೊನ್ನೆಯಿಂದ ಅಂದಿದ್ದಕ್ಕೆ ಒಳಗಿಂದ ಕಾಕಾ ಕೂಗಿದರು: "ಸೊನ್ನೆ ನಂಬರ್ ಲಾಟ್ ಇಡೀ ಬ್ಯಾಡಗ್ಯಾಗ ಇಲ್ಲ ಬಿಡೋ!" :)

ಬರೆದದ್ದನ್ನು ಓಡಿಸೋಕೆ ಲ್ಯಾಪ್‌ಟಾಪ್ ಇರಲಿಲ್ಲ. ಅವಳ ಮೊಬೈಲಿಗೇ ಟರ್ಮಕ್ಸ್ ಹಾಕಿ, ಅದರಲ್ಲಿ ಕ್ಲ್ಯಾಂಗ್ ಕಂಪೈಲರ್ ಇಳಿಸಿಕೊಟ್ಟೆ. ಕಾಸಿಲ್ಲ, ಒಮ್ಮೆ ಇಳಿಸಿಕೊಂಡರೆ ನೆಟ್ಟೂ ಬೇಕಿಲ್ಲ. ಕೀಬೋರ್ಡಿನಲ್ಲಿ ಆವರಣ ಚಿಹ್ನೆ ಹುಡುಕೋದಷ್ಟೇ ಪ್ರಾಣಸಂಕಟ. ಬಸ್ಸಿನಲ್ಲಿ ಕೂತು ಪ್ರೋಗ್ರಾಮ್ ಬರೀತೀನಿ ಅಂತಾಳೆ ಈಗ.

ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ನೋಡಿದ್ದೀರಾ? ಸಿ, ಲಿನಕ್ಸ್ ಎಲ್ಲಾ ಕನ್ನಡ ದನಿಯಲ್ಲೇ ಇದೆ, ಪುಕ್ಕಟೆ. ಪುಟ್ಟ ಪುಟ್ಟ ವಿಡಿಯೋಗಳು, ನಿಲ್ಲಿಸಿ ನಿಲ್ಲಿಸಿ ಜೊತೆಗೇ ಟೈಪ್ ಮಾಡಬೇಕು. ಕನ್ನಡ ಸ್ವಲ್ಪ ಗ್ರಾಂಥಿಕ, ಇರಲಿ. ಐಐಟಿ, ಐಐಎಸ್ಸಿಗಳು ಸೇರಿ ೨೦೦೩ರಲ್ಲಿ ಶುರು ಮಾಡಿದ ಎನ್‌ಪಿಟಿಇಎಲ್ ಪಾಠಗಳು ಚಿನ್ನದಂಥವು, ಆದ್ರೆ ಮೊದಲ ವರ್ಷದ ಕನ್ನಡ ಮಾಧ್ಯಮದ ಹುಡುಗಿಗೆ ಅವನ್ನು ಸುಮ್ಮನೆ ಕಳಿಸಿ "ನೋಡಮ್ಮಾ" ಅನ್ನೋದು ಈಜು ಬಾರದವರಿಗೆ ತುಂಗಭದ್ರೆ ತೋರಿಸಿದ ಹಾಗೆ. ಹಾಗೆ ಲಿಂಕ್ ಕಳಿಸಿ ಕೈ ತೊಳೆದುಕೊಳ್ಳೋ ಇಂಜಿನಿಯರ್ ಅಣ್ಣಂದಿರು ನಮ್ಮಲ್ಲಿ ಬಹಳ. ಇನ್ನು ಪರೀಕ್ಷೆಯ ಹಿಂದಿನ ರಾತ್ರಿ ನೋಡೋ "ಇಂಪಾರ್ಟೆಂಟ್ ಕ್ವೆಶ್ಚನ್ಸ್" ವಿಡಿಯೋಗಳ ಬಗ್ಗೆ ನಾನು ಬಾಯಿ ಬಿಡೋದಿಲ್ಲ.

ಇವೆಲ್ಲಕ್ಕಿಂತ ಅವಳಿಗೆ ಬೇಕಿದ್ದದ್ದು, ಎರರ್ ಬಂದಾಗ ನಾಚಿಕೆಯಿಲ್ಲದೆ ಕನ್ನಡದಲ್ಲಿ ಕೇಳಬಹುದಾದ ಒಬ್ಬ ಮನುಷ್ಯ. ನನಗೆ ಹಾಸ್ಟೆಲಿನಲ್ಲಿ ಒಬ್ಬ ಸೀನಿಯರ್ ಇದ್ದ, ಇವಳು ದಿನಾ ಮನೆಯಿಂದ ಓಡಾಡೋಳು. ಹಾಗಾಗಿ ಈಗ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನಿನಲ್ಲೇ ನಮ್ಮ ಕ್ಲಾಸು. ರಾಣೆಬೆನ್ನೂರಿನ ಇಬ್ಬರು ಗೆಳತಿಯರನ್ನೂ ಸೇರಿಸಿಕೊಂಡಿದ್ದಾಳೆ. ನಿಯಮ ಒಂದೇ: ಪ್ರೋಗ್ರಾಮಿನ ಪ್ರತಿ ಸಾಲು ಏನು ಮಾಡುತ್ತೆ ಅಂತ ಮೊದಲು ಕನ್ನಡದಲ್ಲಿ ಹೇಳಬೇಕು, ಆಮೇಲೆ ಪರೀಕ್ಷೆಗೆ ಇಂಗ್ಲಿಷಿನಲ್ಲಿ. ನನ್ನ ಹಳೇ ಲ್ಯಾಪ್‌ಟಾಪಿಗೆ ಉಬುಂಟು ಹಾಕಿ ಕಳಿಸಿದ್ದೀನಿ, ಮೂವರಲ್ಲಿ ಸರದಿ ಪ್ರಕಾರ ತಿರುಗ್ತಾ ಇದೆ.

ಬಿ.ಕಾಂ. ಮಾತನ್ನು ಕಾಕಾ ಮುಂದಿನ ಪರೀಕ್ಷೆವರೆಗೆ ತಡೆಹಿಡಿದಿದ್ದಾರೆ. ಅಷ್ಟರಲ್ಲಿ ಪಾಯಿಂಟರ್ ಮುಗಿಸಬೇಕು. ಲಾಟ್ ನಂಬರ್ ಬರೆದ ಚೀಟಿ ಅಂತ ಹೇಳಿ ನೋಡಿದೆ. ಪಾಯಿಂಟರಿನ ಪಾಯಿಂಟರ್ ಹತ್ರ ಬಂದಾಗ ಮೂವರೂ ಮ್ಯೂಟ್! ಚೀಟಿ ಎಲ್ಲಿದೆ ಅಂತ ಬರೆದ ಇನ್ನೊಂದು ಚೀಟಿ ಅಂದ್ರೆ "ಅಂಥಾ ಚೀಟಿ ಯಾರ್ ಬರೀತಾರಣ್ಣಾ?" ಅಂತಾರೆ. ಇದಕ್ಕಿಂತ ಒಳ್ಳೆ ಉದಾಹರಣೆ ನಿಮ್ಮಲ್ಲಿ ಯಾರಿಗಾದ್ರೂ ಹೊಳೆದರೆ ಭಾನುವಾರದೊಳಗೆ ಹೇಳಿ ಪುಣ್ಯ ಕಟ್ಕೊಳ್ಳಿ.