ಹಿರಿಯರಿಗಿಂತ ಮೊದಲು ಹಾಡುವವರು

ಹಾಸನ ಜಿಲ್ಲೆಯ ಹೆಸರೆತ್ತಿದೊಡನೆ ಪ್ರವಾಸಿಯ ಕಣ್ಣು ಕಲ್ಲನ್ನು ಅರಸುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬಾಹುಬಲಿಯನ್ನೂ ಬೇಲೂರು ಹಳೇಬೀಡುಗಳ ಶಿಲ್ಪವನ್ನೂ ಕಂಡವನು, ಜಿಲ್ಲೆಯನ್ನೇ ನೋಡಿ ಮುಗಿಸಿದೆನೆಂದು ಭಾವಿಸಿ ಹಿಂದಿರುಗುತ್ತಾನೆ. ಆದರೆ ಇದೇ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ, ಕಿವಿಯಿಂದ ನೋಡಬೇಕಾದ ಊರೊಂದಿದೆ. ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಡದಲ್ಲಿರುವ ರುದ್ರಪಟ್ಟಣವೇ ಅದು.

ಹಾಸನದಿಂದ ಹೊರಟವರು ಮೈಸೂರಿನ ರೈಲು ಹಿಡಿದು, ಹೇಮಾವತಿಯ ತೀರದ ಹೊಳೆನರಸೀಪುರದಲ್ಲಿಳಿದು, ಲಕ್ಷ್ಮೀನರಸಿಂಹನಿಗೆ ಕೈಮುಗಿದು ಬಸ್ಸಿನಲ್ಲಿ ಮುಂದುವರಿಯಬಹುದು; ಇಲ್ಲವೇ ನೇರವಾಗಿ ಅರಕಲಗೂಡಿನ ಬಸ್ಸನ್ನೇ ಹತ್ತಬಹುದು. ಅರಕಲಗೂಡೆಂದರೆ ಸಾಹಿತ್ಯಾಸಕ್ತರಿಗೆ ಅ.ನ. ಕೃಷ್ಣರಾಯರ ನೆನಪಾಗದಿರದು, ಅವರ ಹೆಸರಿನ ಮೊದಲಕ್ಷರ ಈ ಊರಿನದೇ. ಗಾಯಕನೊಬ್ಬನ ಬಾಳನ್ನು ‘ಸಂಧ್ಯಾರಾಗ’ ಕಾದಂಬರಿಯಲ್ಲಿ ಚಿತ್ರಿಸಿದವರು ಅವರು. 1966ರಲ್ಲಿ ಅದು ಚಲನಚಿತ್ರವಾದಾಗ ಭೀಮಸೇನ ಜೋಶಿಯವರೂ ಬಾಲಮುರಳಿಕೃಷ್ಣರೂ ಅದಕ್ಕೆ ಹಾಡಿದರು.

ರುದ್ರಪಟ್ಟಣದ ಸಂಕೇತಿ ಮನೆತನಗಳಲ್ಲಿ ಸಂಗೀತವು ಮನೆಮಾತಿನಂತೆ ಬೆಳೆದು ಬಂದಿತು. 1920ರಲ್ಲಿ ಇಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅವರು ಸಂಗೀತ ಕಲಾನಿಧಿಗಳಾದರು. 2011ರಲ್ಲಿ ಪದ್ಮಭೂಷಣ ಪುರಸ್ಕಾರ ಪಡೆದರು. ತೊಂಬತ್ತು ದಾಟಿದ ಮೇಲೂ ವೇದಿಕೆಯಲ್ಲಿ ಹಾಡಿ, 2014ರಲ್ಲಿ ಕೀರ್ತಿಶೇಷರಾದರು. ‘ರುದ್ರಪಟ್ಟಣಂ ಸಹೋದರರು’ ಎಂದು ಪ್ರಸಿದ್ಧರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಅವರೂ ಇದೇ ಮನೆತನದವರು. ಆದರೆ ವಿದ್ಯೆ ಕೈಹಿಡಿದವರು ಮೈಸೂರಿಗೆ, ಬೆಂಗಳೂರಿಗೆ ಹೊರಟರು. ಊರು ಹಾಡುವವರನ್ನು ಹೆತ್ತಿತು. ನಗರ ಅವರನ್ನು ಸಾಕಿತು. ಹೆತ್ತ ಊರಿಗೆ ಉಳಿದದ್ದು ಹೆಸರು ಮಾತ್ರವೇ ಎಂಬ ಶಂಕೆ ಯಾರಿಗಾದರೂ ಬರುವಂತಹದೇ.

ಈ ಶಂಕೆಗೆ ಉತ್ತರವೆಂಬಂತೆ ವಿದ್ವಾನ್ ಆರ್.ಕೆ. ಪದ್ಮನಾಭ ಅವರು ಹುಟ್ಟೂರಿನಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಧ್ಯಾನಮಂದಿರವನ್ನು ಕಟ್ಟಿಸಿ, ಸಂಗೀತೋತ್ಸವವನ್ನೂ ನಡೆಸಿಕೊಂಡು ಬಂದರು. ನಗರಕ್ಕೆ ಹೋದ ನಾದವು ಹೀಗೆ ತವರಿಗೆ ಬಂದು ಹೋಗುವಂತಾಯಿತು.

ಇಂತಹ ಉತ್ಸವಗಳಲ್ಲಿ ಜನ ಕಾದಿರುವುದು ಹಿರಿಯರ ಕಚೇರಿಗೆ. ಅದಕ್ಕೆ ಮುನ್ನ ಕಿರಿಯರಿಗೆ ಒಂದು ಗಂಟೆಯ ಅವಕಾಶ. ಆ ಒಂದು ಗಂಟೆಯ ಕಷ್ಟವನ್ನು ಹಾಡಿದವರೇ ಬಲ್ಲರು. ಅರ್ಧ ಚಪ್ಪರ ಖಾಲಿ. ಮುಂದಿನ ಸಾಲಿನಲ್ಲಿ ಕುಶಲಪ್ರಶ್ನೆ. ಹಿರಿಯರು ಎತ್ತಿಕೊಳ್ಳಬಹುದಾದ ರಾಗವನ್ನು ಮುಟ್ಟುವಂತಿಲ್ಲ. ಒಂದು ವರ್ಣ, ಎರಡು ಕೀರ್ತನೆ, ಕಿರಿದಾದ ಆಲಾಪನೆ, ಮೃದಂಗದವನಿಗೆ ಚಿಕ್ಕದೊಂದು ತನಿ. ಇಷ್ಟರೊಳಗೆ ತಾನು ಯಾರೆಂಬುದನ್ನು ತೋರಿಸಿ, ಮಂಗಳ ಹಾಡಿ ಏಳಬೇಕು. ನಡುವೆ ಹಿರಿಯ ವಿದ್ವಾಂಸರ ಕಾರು ಬಂದರೆ ತಲೆಗಳೆಲ್ಲ ಅತ್ತ ತಿರುಗುತ್ತವೆ; ಹಾಡುತ್ತಿರುವ ಹುಡುಗಿ ಮಾತ್ರ ತಾಳ ತಪ್ಪುವಂತಿಲ್ಲ.

ಇದು ಶಾಸ್ತ್ರೀಯ ಸಂಗೀತಕ್ಕೆ ಮಾತ್ರ ಬಂದ ಪರೀಕ್ಷೆಯಲ್ಲ. 1996ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಎಂಬ ರಾಕ್ ತಂಡವೂ ಡೀಪ್ ಪರ್ಪಲ್‌ನಂತಹ ವಿಶ್ವವಿಖ್ಯಾತ ತಂಡದ ಮುಂಚೆ ವೇದಿಕೆ ಏರಿದ್ದುಂಟು. ಗಿಟಾರಾಗಲಿ ತಂಬೂರಿಯಾಗಲಿ, ಬೇರೊಬ್ಬರಿಗಾಗಿ ಬಂದ ಜನರನ್ನು ಅರೆಗಳಿಗೆ ತನ್ನವರನ್ನಾಗಿ ಮಾಡಿಕೊಳ್ಳುವ ಕೆಲಸ ಒಂದೇ.

ರುದ್ರಪಟ್ಟಣದಲ್ಲಿ ಮಾತ್ರ ಈ ಕೆಲಸಕ್ಕೆ ಇನ್ನೊಂದು ಭಾರವಿದೆ. ನಗರದ ಸಭೆಯಲ್ಲಿ ಕಿರಿಯರನ್ನು ಕೇಳದೆ ಹೋದರೆ ಒಬ್ಬ ಗಾಯಕನಿಗೆ ನಷ್ಟ. ಇಲ್ಲಿ ಕೇಳದೆ ಹೋದರೆ ಊರಿನ ಪರಂಪರೆಗೇ ನಷ್ಟ. ಹಿರಿಯರ ಕಚೇರಿಯಲ್ಲಿ ಊರಿನ ನಿನ್ನೆ ಕೇಳಿಸುತ್ತದೆ. ನಾಳೆ ಇದೆಯೋ ಇಲ್ಲವೋ ಎಂಬುದು ಗೊತ್ತಾಗುವುದು ಆ ಮೊದಲ ಗಂಟೆಯಲ್ಲೇ.

ಆದುದರಿಂದ ವಾಚಕರಲ್ಲಿ ನನ್ನದೊಂದು ಬಿನ್ನಹ. ಉತ್ಸವದ ದಿನಗಳಲ್ಲಿ ಅತ್ತ ಹೋದರೆ ಒಂದು ಬಸ್ಸು ಮುಂಚಿತವಾಗಿಯೇ ಹೊರಡಿ. ಮಕ್ಕಳನ್ನೂ ಕರೆದೊಯ್ಯಿರಿ. ಚಪ್ಪರ ತುಂಬುವ ಮೊದಲೇ, ಶ್ರುತಿ ಕೂಡಿಸುವಾಗಲೇ, ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ.