ಹಲಸಿನೆಲೆಯ ಕೊಟ್ಟೆಯಲ್ಲಿ ಹೂವು

ಆಗಸ್ಟ್ ತಿಂಗಳು ಮುಗಿಯುತ್ತ ಬಂದಂತೆ ಮಂಗಳೂರಿನ ಮಳೆಗೆ ಮೊದಲಿನ ಆರ್ಭಟ ಉಳಿದಿರುವುದಿಲ್ಲ. ಬೆಳಿಗ್ಗೆ ಒಂದಿಷ್ಟು ಎಳೆಬಿಸಿಲು, ಮಧ್ಯಾಹ್ನಕ್ಕೆ ಒಂದು ಸುರಿ ಮಳೆ, ಬೇಲಿಯ ತುಂಬ ಹೂವು; ಇದು ಆ ದಿನಗಳ ಕ್ರಮ. ಊರಿನ ಕ್ರೈಸ್ತ ಮನೆಗಳ ಮಕ್ಕಳಿಗೆ ಆಗಲೇ ಒಂದು ಕೆಲಸ ಒದಗುತ್ತದೆ. ಆಗಸ್ಟ್ 30ರಿಂದ ಒಂಬತ್ತು ದಿನಗಳ ಕಾಲ ಅವರು ಹೂ ಕೊಯ್ದು ಇಗರ್ಜಿಗೆ ಒಯ್ಯಬೇಕು. ಬಾಲಮೇರಿಯ ಪುಟ್ಟ ಪ್ರತಿಮೆಯ ಮುಂದೆ ಸಾಲಾಗಿ ನಿಂತು, ಹಾಡುತ್ತ, ಹಿಡಿಹಿಡಿಯಾಗಿ ಅರ್ಪಿಸಬೇಕು. ಸೆಪ್ಟೆಂಬರ್ 8 ಮೇರಿಮಾತೆಯ ಜನ್ಮದಿನ. ಅಂದೇ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಕೊಂಕಣಿಯಲ್ಲಿ ಇದಕ್ಕೆ ಮೊಂತಿ ಫೆಸ್ತ್ ಎಂದು ಹೆಸರು, ಕನ್ನಡದಲ್ಲಿ ತೆನೆಹಬ್ಬ.

ಹೆಸರಿನ ಮೂಲ ದೂರದ್ದೇನಲ್ಲ. ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿ ಮೊಂತೆ ಮರಿಯಾನೊ ಎಂಬ ಇಗರ್ಜಿ ಇದೆ. ಪೋರ್ಚುಗೀಸ್ ನುಡಿಯಲ್ಲಿ ಮೊಂತೆ ಎಂದರೆ ಬೆಟ್ಟ. ಗೋವೆಯ ಪಾದ್ರಿ ಜೊವಾಕಿಮ್ ಮಿರಾಂದ ಅವರು 1763ರಲ್ಲಿ ಅಲ್ಲಿ ಈ ಹಬ್ಬವನ್ನು ಆರಂಭಿಸಿದರೆಂದು ಹೇಳುವುದುಂಟು. ಅಂದಿನಿಂದ ಇಂದಿನವರೆಗೆ ಹಬ್ಬದಲ್ಲಿ ಹಿರಿಯರ ಪಾಲಿನದು ಅನ್ನ, ಕಿರಿಯರ ಪಾಲಿನದು ಹೂವು. ಮೇಣದ ಬತ್ತಿಯನ್ನು ಯಾರಾದರೂ ಹಣ ಕೊಟ್ಟು ತರಬಹುದು. ಹೂವಿನ ಸೇವೆ ಮಾತ್ರ ಮಕ್ಕಳ ಕೈಯಿಂದಲೇ ನಡೆಯಬೇಕೆಂಬುದು ಹಳಬರ ಮತ.

ಆದರೆ ಹೂವಿರುವುದು ಅಂಗಳದಲ್ಲಿ. ಅಂಗಳವೇ ಇಲ್ಲದ ಮನೆಯ ಮಗು ಏನು ಮಾಡಬೇಕು?

2023ನೆಯ ವರ್ಷ ಬಿಜೈಯ ಒಂದು ಬಹುಮಹಡಿ ಕಟ್ಟಡದ ನಾಲ್ಕನೆಯ ಅಂತಸ್ತಿನಲ್ಲಿ ಈ ಪ್ರಶ್ನೆ ಎದ್ದಿತು. ಆ ಮನೆಯಲ್ಲಿ ಮೂವರು: ಎಪ್ಪತ್ತು ದಾಟಿದ ಅಜ್ಜಿ, ಬ್ಯಾಂಕಿನಲ್ಲಿ ಉದ್ಯೋಗದಲ್ಲಿದ್ದ ಸೊಸೆ, ಏಳು ವರ್ಷದ ಮೊಮ್ಮಗಳು. ಅಜ್ಜಿಯ ಮಗ ಮಸ್ಕತಿನಲ್ಲಿ ದುಡಿಯುತ್ತಿದ್ದ. ಕುಲಶೇಖರದಲ್ಲಿದ್ದ ಹಂಚಿನ ಮನೆಯನ್ನೂ ಅದರ ಸುತ್ತಲಿನ ಹಿತ್ತಿಲನ್ನೂ ಮಾರಿ ಅವರು ಇಲ್ಲಿಗೆ ಬಂದು ಎರಡು ವರ್ಷಗಳಾಗಿದ್ದವು. ಮಗನ ಸಾಲ ತೀರಬೇಕಾಗಿತ್ತು. ಮಾರಾಟದ ಪತ್ರಕ್ಕೆ ಸಹಿ ಹಾಕಿದವರು ಅಜ್ಜಿಯೇ. ಆ ಮೇಲೆ ಅವರು ಆ ಹಿತ್ತಿಲಿನ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ.

ಸೊಸೆ ತನ್ನ ಕರ್ತವ್ಯದಲ್ಲಿ ಕೊರತೆ ಮಾಡಿದವಳಲ್ಲ. ದಿನವೂ ಸಂಜೆ ಕೆಲಸದಿಂದ ಮರಳುವಾಗ ಮಾರುಕಟ್ಟೆಯಿಂದ ಸೇವಂತಿಗೆಯ ಪೊಟ್ಟಣವೊಂದನ್ನು ತರುತ್ತಿದ್ದಳು. ಮಗು ಅದನ್ನು ಬಿಚ್ಚದೆಯೇ ಇಗರ್ಜಿಗೆ ಒಯ್ಯುತ್ತಿತ್ತು. ಎಲ್ಲರೊಡನೆ ಎರಚಿ ಬರುತ್ತಿತ್ತು. ಹೀಗೆ ಐದು ದಿನ ಕಳೆದವು. ಆರನೆಯ ಸಂಜೆ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಅವಳು ಬಾಗಿಲಲ್ಲೇ ನಿಂತಳು.

"ಮಾಯ್, ಉಳಿದವರೆಲ್ಲ ತಾವು ಕೊಯ್ದ ಹೂ ತರುತ್ತಾರೆ. ಇದು ಅಂಗಡಿಯವನು ಕೊಯ್ದದ್ದು. ಇದನ್ನು ಯಾರು ಕೊಟ್ಟ ಹಾಗಾಯಿತು, ನಾನೋ ಅವನೋ?"

ತಾಯಿ ನಕ್ಕಳು. ಅಜ್ಜಿಗೆ ನಗು ಬರಲಿಲ್ಲ. ಆ ರಾತ್ರಿ ಅವರು ಬಹಳ ಹೊತ್ತು ಬಾಲ್ಕನಿಯಲ್ಲಿ ಕುಳಿತಿದ್ದರು. ಕುಲಶೇಖರದ ಬೇಲಿಯಲ್ಲಿ ಕೇಪಳ, ದಾಸವಾಳ, ಗೌರಿಹೂಗಳು ಆ ಹೊತ್ತಿನಲ್ಲಿ ಹೇಗೆ ಬಿರಿದಿರುತ್ತಿದ್ದವೆಂಬುದು ಅವರಿಗೆ ಕಣ್ಣಿಗೆ ಕಟ್ಟಿದಂತಿತ್ತು. ಈ ಒಂಬತ್ತು ದಿನಗಳಲ್ಲಿ ಬೀದಿಯ ಮಕ್ಕಳೆಲ್ಲ ಅವರ ಹಿತ್ತಿಲಿಗೇ ಬರುತ್ತಿದ್ದರು. ಯಾರಿಗೂ ಇಲ್ಲವೆಂದವರಲ್ಲ. ಕೊಟ್ಟು ಅಭ್ಯಾಸವಾದ ಕೈಗೆ ಕೇಳುವುದು ಕಠಿಣ. ಇಷ್ಟು ದಿನ ಅವರನ್ನು ತಡೆದದ್ದು ಅದೇ.

ಕಟ್ಟಡದ ಪಕ್ಕದಲ್ಲಿ ಇನ್ನೂ ಒಂದು ಹಳೆಯ ಹಂಚಿನ ಮನೆ ಉಳಿದಿತ್ತು. ಅಂಗಳದಲ್ಲಿ ತುಳಸಿಕಟ್ಟೆ, ಗೋಡೆಯುದ್ದಕ್ಕೂ ಕೇಪಳ, ಮೂಲೆಯಲ್ಲೊಂದು ಹಲಸಿನ ಮರ. ಮಾರನೆಯ ದಿನ ಬೆಳಿಗ್ಗೆ ಶಾಲೆಯ ಹೊತ್ತಿಗೆ ಮುಂಚೆಯೇ ಅಜ್ಜಿ ಮೊಮ್ಮಗಳ ಕೈ ಹಿಡಿದು ಆ ಮನೆಯ ದಣಪೆಯ ಮುಂದೆ ನಿಂತರು. ಅದರ ಮರುದಿನ, ಸೆಪ್ಟೆಂಬರ್ 6ಕ್ಕೆ, ಅಷ್ಟಮಿ. ಮನೆಯೊಡತಿ ಜಗಲಿಯಲ್ಲಿ ಕಾಲು ಚಾಚಿ ಕುಳಿತು, ಹಲಸಿನ ಎಲೆಗಳ ರಾಶಿಯನ್ನು ಮುಂದಿಟ್ಟುಕೊಂಡು, ಕಡುಬಿಗೆ ಕೊಟ್ಟೆ ಕಟ್ಟುತ್ತಿದ್ದರು.

ಇಬ್ಬರೂ ಎರಡು ವರ್ಷ ಮುಖ ನೋಡಿ ತಲೆಯಾಡಿಸಿದವರೇ ಹೊರತು ಮಾತನಾಡಿದವರಲ್ಲ. ಅಜ್ಜಿ ತುಳುವಿನಲ್ಲಿ ಮಾತು ತೆಗೆದರು. ಮಗುವಿಗೆ ನಾಲ್ಕು ಹೂವು ಬೇಕಿತ್ತೆಂದು ಹೇಳುವಷ್ಟರಲ್ಲಿ ಅವರ ಸ್ವರ ಉಡುಗಿಹೋಯಿತು.

"ಹೂ ಕೇಳಲಿಕ್ಕೆ ಇಷ್ಟು ಸಂಕೋಚವೇ ಬಾಯಮ್ಮ?" ಎಂದರು ಮನೆಯೊಡತಿ. "ತುಳಸಿ ಮುಟ್ಟುವುದು ಬೇಡ. ಆಚೆ ಬದಿಯ ಕೇಪಳ ನಾಳೆ ಕೃಷ್ಣನಿಗೆ ಬೇಕು. ಈಚೆಯದೆಲ್ಲ ಮಗುವಿನದು."

ಮಗು ಕೊಯ್ಯತೊಡಗಿತು. ಆದರೆ ಕೊಯ್ದ ಹೂ ಹಾಕಿಕೊಳ್ಳಲು ಏನೂ ತಂದಿರಲಿಲ್ಲ. ಲಂಗದ ಸೆರಗು ಒದ್ದೆಯಾಗುತ್ತಿತ್ತು. ಮನೆಯೊಡತಿ ಅವಳನ್ನು ಹತ್ತಿರ ಕರೆದು ಪಕ್ಕದಲ್ಲಿ ಕುಳ್ಳಿರಿಸಿಕೊಂಡರು.

ಕೊಟ್ಟೆ ಕಟ್ಟುವ ಕ್ರಮ ಸರಳವಾದುದು. ತೀರ ಎಳೆಯದೂ ಅಲ್ಲದ, ತೀರ ಬಲಿತು ಒರಟಾಗಿಯೂ ಇರದ ನಾಲ್ಕು ಹಲಸಿನ ಎಲೆಗಳು ಸಾಕು. ಅವನ್ನು ಕೂಡುವ ಚಿಹ್ನೆಯಂತೆ ಇರಿಸಿ, ನಡುವೆ ಒಂದರ ಮೇಲೊಂದು ಬರುವಂತೆ ಸೇರಿಸಿ, ತೆಂಗಿನ ಗರಿಯ ಒಣ ಕಡ್ಡಿಯ ತುಂಡಿನಿಂದ ಚುಚ್ಚಬೇಕು. ಬಳಿಕ ಅಕ್ಕಪಕ್ಕದ ಎರಡು ಎಲೆಗಳನ್ನು ಮೇಲಕ್ಕೆತ್ತಿ, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ತಂದು, ಮತ್ತೆ ಕಡ್ಡಿ ಚುಚ್ಚಬೇಕು. ನಾಲ್ಕು ಬದಿಯೂ ಮುಗಿದಾಗ ಎಲೆಗಳು ಬಟ್ಟಲಾಗಿ ನಿಲ್ಲುತ್ತವೆ. ಹಿಟ್ಟು ಹೊಯ್ದು ಬೇಯಿಸಿದರೆ ಅದು ಕೊಟ್ಟೆ ಕಡುಬು. ಹೂ ತುಂಬಿದರೆ ಅದೇ ಹೂಬುಟ್ಟಿ.

ಹೇಳುವುದಕ್ಕೆ ಸುಲಭ, ಏಳು ವರ್ಷದ ಬೆರಳುಗಳಿಗೆ ಅಷ್ಟು ಸುಲಭವಲ್ಲ. ಮೊದಲನೆಯ ಕೊಟ್ಟೆಯಲ್ಲಿ ಎಲೆ ಸೀಳಿತು. ಎರಡನೆಯದು ಕೈಯೆತ್ತಿದೊಡನೆ ಬಿಚ್ಚಿಕೊಂಡಿತು. ಅಜ್ಜಿ ಕಸಿದುಕೊಂಡು ತಾವೇ ಕಟ್ಟಿಕೊಡಹೊರಟರು. ಮನೆಯೊಡತಿ ಕಣ್ಸನ್ನೆಯಿಂದ ಬೇಡವೆಂದರು. ಮೂರನೆಯದು ಒಂದು ಕಡೆಗೆ ವಾಲಿತ್ತು, ಒಂದು ಮೂಲೆಯಲ್ಲಿ ತೂತೂ ಇತ್ತು. ಆದರೆ ಹೂವು ಹಿಡಿದು ನಿಂತಿತು. ಅಂದು ಸಂಜೆ ಸಾಲಿನಲ್ಲಿ ನಿಂತಾಗ ಮಗು ಇಡೀ ಹೂವನ್ನು ಒಮ್ಮೆಗೇ ಎರಚಲಿಲ್ಲ. ಒಂದೊಂದನ್ನೇ ತೆಗೆದು, ನೋಡಿ, ಹಾಕಿತು. ಹಿಂದೆ ನಿಂತ ಹುಡುಗರಿಗೆ ಕಾಯಬೇಕಾಯಿತು.

ಹಬ್ಬದ ದಿನಗಳಲ್ಲಿ ಮಕ್ಕಳನ್ನು ಹೇಗೆ ತೊಡಗಿಸುವುದೆಂದು ಚಿಂತಿಸುವ ತಾಯಿತಂದೆಗಳಿಗೆ ಇಲ್ಲಿ ಹೊಸದೇನನ್ನೂ ಹುಡುಕಬೇಕಾದುದಿಲ್ಲ. ಪ್ರತಿಯೊಂದು ಹಬ್ಬವೂ ಮಕ್ಕಳಿಗೆಂದು ಒಂದಿಷ್ಟು ಕೆಲಸವನ್ನು ತನ್ನೊಳಗೇ ಇಟ್ಟುಕೊಂಡಿದೆ. ದೀಪಾವಳಿಗೆ ಬಿದಿರಿನ ಸೀಳು, ಬಣ್ಣದ ಕಾಗದ, ಮೈದಾಹಿಟ್ಟಿನ ಅಂಟು ಇದ್ದರೆ ಗೂಡುದೀಪವಾಗುತ್ತದೆ. ಅದೇ ಬಿದಿರು, ಅದೇ ಕಾಗದ ಡಿಸೆಂಬರಿನಲ್ಲಿ ಕ್ರಿಸ್‌ಮಸ್ಸಿನ ನಕ್ಷತ್ರಕ್ಕೂ ಒದಗುತ್ತವೆ. ಹಬ್ಬಕ್ಕೆ ಕೆಲವು ದಿನ ಮುಂಚೆ ಹಳೆಯ ಡಬ್ಬಿಯ ಮಣ್ಣಿನಲ್ಲಿ ಭತ್ತವನ್ನೋ ರಾಗಿಯನ್ನೋ ಬಿತ್ತಿದರೆ ಗೋದಲಿಯ ಮುಂದೆ ಹಸುರು ಗದ್ದೆ ಸಿದ್ಧ. ಮಗು ಮಾಡಿದುದು ವಕ್ರವಾಗಬಹುದು. ಅದನ್ನು ತಿದ್ದುವ ಆತುರವನ್ನು ಹಿರಿಯರು ತಡೆದುಕೊಂಡರೆ ಸಾಕು. ಆ ವಕ್ರವಾದುದನ್ನೇ ಮನೆಯ ಮುಂಬಾಗಿಲಲ್ಲಿ ತೂಗುಹಾಕುವಷ್ಟು ಧೈರ್ಯವಿದ್ದರೆ ಇನ್ನೂ ಒಳ್ಳೆಯದು.

ಅಷ್ಟಮಿಯ ಮರುದಿನ ಹಂಚಿನ ಮನೆಯಿಂದ ನಾಲ್ಕನೆಯ ಅಂತಸ್ತಿಗೆ ಕೊಟ್ಟೆ ಕಡುಬು, ಉಂಡೆ, ಚಕ್ಕುಲಿಗಳು ಬಂದವು. ಸೆಪ್ಟೆಂಬರ್ 8ರಂದು ಇಗರ್ಜಿಯಲ್ಲಿ ತೆನೆಗಳ ಆಶೀರ್ವಾದವಾಗಿ, ಮಕ್ಕಳೆಲ್ಲ ಕಬ್ಬಿನ ತುಂಡು ಹಿಡಿದು ಮನೆಗೆ ಮರಳಿದರು. ಅಂದು ಊಟಕ್ಕೆ ಮೀನಿಲ್ಲ, ಮಾಂಸವಿಲ್ಲ. ಬಾಳೆಯೆಲೆಯ ಮೇಲೆ ಬೆಂಡೆ, ಹರಿವೆ, ಕೆಸುವಿನ ದಂಟು ಮೊದಲಾದ ತರಕಾರಿಗಳದೇ ಬಗೆಗಳು, ಅದೂ ಬೆಸಸಂಖ್ಯೆಯಲ್ಲಿ. ಮನೆಯ ಹಿರಿಯರಾದ ಅಜ್ಜಿ ತೆನೆಯ ಕಾಳುಗಳನ್ನು ಉಗುರಿನಿಂದ ಸುಲಿದು, ಅಕ್ಕಿಯನ್ನು ಅರೆದು ಹಾಲಿಗೆ ಸೇರಿಸಿದರು. ಪ್ರಾರ್ಥನೆಯಾದ ಮೇಲೆ ಒಂದೊಂದು ಗುಟುಕು ಎಲ್ಲರಿಗೂ. ಒಂದು ಲೋಟ ಪಾಯಸ ಹಂಚಿನ ಮನೆಗೂ ಹೋಯಿತು, ಒಯ್ದವಳು ಮಗುವೇ.

ಊರಿನಲ್ಲಿ ಇಲ್ಲದವರ ಪಾಲಿನ ಕಾಳನ್ನು ಅಂಚೆಯಲ್ಲಿ ಕಳಿಸುವುದು ಈ ಮನೆಗಳಲ್ಲಿ ಹಳೆಯ ರೂಢಿ. ಹೋದ ವರ್ಷ ಅಜ್ಜಿ ಅದನ್ನು ಮಾಡಿರಲಿಲ್ಲ. ಮಗ ಕೇಳಿಯೂ ಇರಲಿಲ್ಲ. ಮಾರಿದ ಮನೆಯ ಮಾತು ತಾಯಿಮಗನ ನಡುವೆ ಹಾಗೆಯೇ ಆಡದೆ ಉಳಿದಿತ್ತು. ಈ ಸಲ ಅವರು ಮೊಮ್ಮಗಳನ್ನು ಕರೆದು ಒಂದು ಚೌಕ ಕಾಗದ ತರಹೇಳಿದರು. ಅದನ್ನು ಮೂಲೆಗೆ ಮೂಲೆ ಕೂಡಿಸಿ ಮಡಚುವುದು, ಎರಡು ತುದಿಗಳನ್ನು ಒಳಕ್ಕೆ ತಂದು ಒಂದರಲ್ಲೊಂದು ಸಿಕ್ಕಿಸುವುದು, ಮೇಲಿನ ತ್ರಿಕೋನವನ್ನು ಮುಚ್ಚಳವಾಗಿ ತೂರಿಸುವುದು. ಹಿಂದೆ ವೈದ್ಯರು ಪುಡಿಯೌಷಧ ಕಟ್ಟಿಕೊಡುತ್ತಿದ್ದುದು ಹೀಗೆಯೇ. ಅಂಟು ಬೇಕಿಲ್ಲ. ಪೊಟ್ಟಣದೊಳಗೆ ಐದು ಕಾಳು ಹಾಕಿದರು. ಮಗು ಇನ್ನೇನನ್ನೋ ಸೇರಿಸಿತು. ಅಜ್ಜಿ ನೋಡಿದರು, ಕೇಳಲಿಲ್ಲ.

ಕಾಗದ ಮಸ್ಕತ್ ತಲುಪಿದ ದಿನ ಮಗನಿಂದ ಫೋನ್ ಬಂದಿತು. ಕಾಳನ್ನು ಪುಡಿಮಾಡಿ ಹಾಲಿಗೆ ಹಾಕಿ ಕುಡಿದೆನೆಂದು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದ. ಬಳಿಕ, "ಅಮ್ಮಾ, ಹಿತ್ತಿಲಿನ ಕೇಪಳದ ನೆನಪಾಯಿತು," ಎಂದ. "ನನಗೂ," ಎಂದರು ಅಜ್ಜಿ. ಎರಡು ವರ್ಷಗಳ ಮೇಲೆ ಮೊದಲ ಬಾರಿಗೆ ಅವರಿಬ್ಬರೂ ಆ ಹಿತ್ತಿಲಿನ ವಿಷಯ ಮಾತನಾಡಿದರು. ಬಹಳ ಹೊತ್ತು ಮಾತನಾಡಿದರು.

ಕೊನೆಗೆ ಮಗ ಕೇಳಿದ: "ಅದು ಸರಿ, ಪೊಟ್ಟಣದಲ್ಲಿ ಒಂದು ಒಣ ಕಡ್ಡಿಯೂ ಇತ್ತಲ್ಲ, ಅದೇನು?"

ಮಗು ಫೋನನ್ನು ಕೈಗೆ ತೆಗೆದುಕೊಂಡಿತು. "ಅದು ಕೊಟ್ಟೆಯ ಕಡ್ಡಿ ಪಪ್ಪಾ. ಎಸೆಯಬೇಡ. ನೀನು ಬಂದಾಗ ಕಲಿಸಿಕೊಡುತ್ತೇನೆ."